ಹೊಸ ಈಜುಕೊಳದ ನೀರನ್ನು ಹದಗೊಳಿಸುವ ಕ್ರಮ

ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ನಮ್ಮ ಸದಸ್ಯರಲ್ಲಿ ಕೆಲವರು ಈಗ ಈಜುಕೊಳಗಳನ್ನೂ ಕಟ್ಟಿಸತೊಡಗಿದ್ದಾರೆ. ಕೊಳಕ್ಕೆ ಲಕ್ಷಗಟ್ಟಲೆ ಸುರಿದು, ನೀರು ತುಂಬಿದ ದಿನವೇ ಅಂದಾಜಿನ ಮೇಲೆ ಬ್ಲೀಚಿಂಗ್ ಪುಡಿ ಎರಚಿ, ಕೆಲಸ ಮುಗಿಯಿತೆಂದು ಕೂರುವುದು ಸರಿಯಲ್ಲ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಹದವಾಗಿದೆ ಎಂದಲ್ಲ. ಹೆಚ್ಚಾಗಿ ಇಳಿಯುವವರು ಮಕ್ಕಳು, ಅವರು ಒಂದೆರಡು ಗುಟುಕು ನುಂಗದೆ ಮೇಲೆ ಬರುವುದಿಲ್ಲ.

ಬೋರ್ಡೋ ದ್ರಾವಣ ಮಾಡಿ ಗೊತ್ತಿದ್ದವರಿಗೆ ಇದು ಕಷ್ಟದ ವಿಷಯವಲ್ಲ. ಮೈಲುತುತ್ತದ ಹುಳಿಯನ್ನು ಸುಣ್ಣದಿಂದ ಮುರಿದು, ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಕೊಳದಲ್ಲಿಯೂ ಹುಳಿ ಮತ್ತು ಕ್ಷಾರಗಳ ತೂಕವೇ ಮುಖ್ಯ. ಕತ್ತಿಯ ಬದಲು ರಸಸಾರ, ಕ್ಷಾರತೆ, ಗಡಸುತನ, ಕ್ಲೋರಿನ್ ಈ ನಾಲ್ಕನ್ನೂ ಅಳೆಯುವ ಪರೀಕ್ಷಾ ಪೆಟ್ಟಿಗೆ ಬೇಕು. ಅದಿಲ್ಲದೆ ಯಾವುದನ್ನೂ ಹಾಕಬಾರದು.

ಮೊದಲು ನೀರಿನ ಲೆಕ್ಕ. 24 ಅಡಿ ಉದ್ದ, 12 ಅಡಿ ಅಗಲ, ಸರಾಸರಿ 4 ಅಡಿ ಆಳದ ಕೊಳದಲ್ಲಿ 1,152 ಘನ ಅಡಿ, ಅಂದರೆ ಸುಮಾರು 32,600 ಲೀಟರ್ ನೀರು ಹಿಡಿಯುತ್ತದೆ. ಕೊಳವೆ ಬಾವಿಯ ನೀರಾದರೆ ತುಂಬುವ ಮೊದಲೇ ಒಂದು ಬಕೆಟ್ ನೀರಿಗೆ ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ಚಹಾದ ಬಣ್ಣ ಬಂದಿದ್ದರೆ ಅದರಲ್ಲಿ ಕಬ್ಬಿಣದ ಅಂಶವಿದೆ, ಕೊಳದ ಗೋಡೆಗೂ ಅದೇ ಕಲೆ ಹತ್ತುತ್ತದೆ. ಅಂಥ ನೀರು ಬಿಟ್ಟು ಬೇರೆ ನೀರು ತುಂಬುವುದು ಲೇಸು.

ನಮ್ಮ ಹಳ್ಳದ ನೀರಿನ ತೊಂದರೆಯೇ ಬೇರೆ. ಅದು ಬಹುಪಾಲು ಮಳೆಯ ನೀರು, ಸುಣ್ಣದ ಅಂಶ ಕಡಿಮೆಯಿರುವ ನೆಲದಲ್ಲಿ ಹರಿದು ಬಂದದ್ದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆಂದು ನಾವು ಹೊಗಳುವ ಈ ಮೆದು ನೀರು ಕೊಳದಲ್ಲಿ ಹಸಿದ ನೀರು. ತನಗಿಲ್ಲದ ಸುಣ್ಣವನ್ನು ಟೈಲುಗಳ ಸಂದಿಯ ಸಿಮೆಂಟಿನಿಂದಲೇ ಕಿತ್ತು ತಿನ್ನುತ್ತದೆ. ಅಲ್ಲದೆ ಕ್ಷಾರತೆ ಕಡಿಮೆಯಿದ್ದಾಗ ರಸಸಾರಕ್ಕೆ ನಿಲುಗಡೆಯಿಲ್ಲ. ಒಂದು ಲೋಟ ಆಮ್ಲ ಬಿದ್ದರೆ ಸರ್ರನೆ ಇಳಿಯುತ್ತದೆ, ಸ್ವಲ್ಪ ಕ್ಷಾರ ಬಿದ್ದರೆ ಏರುತ್ತದೆ. ಆದ್ದರಿಂದ ಮೊದಲ ಕೆಲಸ ಕ್ಷಾರತೆಯನ್ನು ಲೀಟರಿಗೆ 80ರಿಂದ 120 ಮಿಲಿಗ್ರಾಂ ಮಟ್ಟಕ್ಕೆ ತರುವುದು. ಇದಕ್ಕೆ ಬೇಕಾದದ್ದು ಅಡುಗೆ ಸೋಡಾ. ಒಗೆಯುವ ಸೋಡಾ ಅಲ್ಲ, ಅದು ರಸಸಾರವನ್ನು ಒಮ್ಮೆಲೇ ಮೇಲೆ ಎತ್ತುತ್ತದೆ. ಸಾವಿರ ಲೀಟರಿಗೆ 17 ಗ್ರಾಂ ಹಾಕಿದರೆ ಕ್ಷಾರತೆ 10 ಮಿಲಿಗ್ರಾಂ ಏರುತ್ತದೆ. ಮೇಲಿನ ಕೊಳದಲ್ಲಿ 20 ಇದ್ದದ್ದನ್ನು 80 ಮಾಡಲು ಸುಮಾರು 3.3 ಕಿಲೋ ಬೇಕು. ಪಂಪು ಓಡುತ್ತಿರುವಾಗ ಅರ್ಧ ಹಾಕಿ, ಮರುದಿನ ಅಳೆದು, ಉಳಿದದ್ದನ್ನು ಹಾಕಬಹುದು.

ಆಮೇಲೆ ರಸಸಾರ. ಅದು 7.2ರಿಂದ 7.6ರೊಳಗೆ ಇರಬೇಕು. ಹೊಸ ಸಿಮೆಂಟ್ ಗಾರೆಯ ಕೊಳದಲ್ಲಿ ಸುಣ್ಣ ವಾರಗಟ್ಟಲೆ ನೀರಿಗೆ ಬಿಡುತ್ತಲೇ ಇರುವುದರಿಂದ ರಸಸಾರ ಏರುತ್ತಿರುತ್ತದೆ. ಮೊದಲ ತಿಂಗಳು ದಿನಾ ಅಳೆದು, ಹೆಚ್ಚಿದಾಗ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಕೆಟ್ ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಆಮ್ಲಕ್ಕೆ ನೀರು ಸುರಿಯಬಾರದು. ಇಷ್ಟು ಕಟ್ಟುನಿಟ್ಟು ಏಕೆಂದರೆ ರಸಸಾರ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಮಾತ್ರ ರೋಗಾಣು ಕೊಲ್ಲುವ ಚುರುಕಿನ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗದಷ್ಟೂ ಇರುವುದಿಲ್ಲ. ಪುಡಿಗೆ ಕೊಟ್ಟ ಹಣ ನೀರಿನಲ್ಲಿ ಹೋಮ.

ಗಡಸುತನ 200ಕ್ಕಿಂತ ಕಡಿಮೆಯಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕು. ಸಾವಿರ ಲೀಟರಿಗೆ 15 ಗ್ರಾಂ ಹಾಕಿದರೆ 10 ಮಿಲಿಗ್ರಾಂ ಏರುತ್ತದೆ. ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಕೈ ಜೋಪಾನ.

ಕ್ಲೋರಿನ್ ಕೊನೆಗೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ನಿಲ್ಲಬೇಕು. ನೂರಕ್ಕೆ 30ರಷ್ಟು ಕ್ಲೋರಿನ್ ಇರುವ ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ನಮ್ಮ ಲೆಕ್ಕದ ಕೊಳಕ್ಕೆ ಸುಮಾರು 220 ಗ್ರಾಂ ಹಾಕಿದಾಗ 2 ಮಿಲಿಗ್ರಾಂ ಬರುತ್ತದೆ. ಮಳೆಗಾಲ ಕಳೆದ ಹಳೆಯ ಪುಡಿಗೆ ಆ ಶಕ್ತಿ ಇರುವುದಿಲ್ಲ. ಪುಡಿಯನ್ನು ನೀರಿನಲ್ಲಿ ಕದಡಿ, ತಳ ಕೂತ ಮೇಲೆ ತಿಳಿಯನ್ನು ಸಂಜೆ ಹಾಕಿರಿ. ಬಿಸಿಲು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ.

ಕೆಲಸದವರಿಗೆ ಕೂರಿಸಿಕೊಂಡು ಹೇಳಲೇಬೇಕಾದ ಮಾತೊಂದಿದೆ. ಬ್ಲೀಚಿಂಗ್ ಪುಡಿಗೆ ಆಮ್ಲ ತಗುಲಿದರೆ ವಿಷಾನಿಲ ಏಳುತ್ತದೆ. ಎರಡಕ್ಕೂ ಒಂದೇ ಮಗ್ಗು, ಒಂದೇ ಬಕೆಟ್ ಕೂಡದು. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಬಿಲ್ಲೆಗಳನ್ನು ಆ ಪುಡಿಯ ಜೊತೆ ಬೆರೆಸಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಮೂರನ್ನೂ ಬೇರೆ ಬೇರೆ ಕಡೆ, ಗೊಬ್ಬರದ ಕೋಣೆಯಿಂದಲೂ ದೂರ ಇಡಿರಿ.

ಪಾಚಿ ಕಂಡಿತೆಂದು ಕೈಗೆ ಸಿಕ್ಕಿದ ಮೈಲುತುತ್ತ ಎಸೆಯುವುದೂ ಬೇಡ. ಗೋಡೆಗೆ ನೀಲಿ ಕಲೆ ಹತ್ತುತ್ತದೆ, ಆ ನೀರು ಹಳ್ಳ ಸೇರಿದರೆ ಮೀನು ಸಾಯುತ್ತವೆ. ಕ್ಲೋರಿನ್ ನೀರಿಗೂ ಇದೇ ಮಾತು. ಕೊಳ ಖಾಲಿ ಮಾಡುವುದಿದ್ದರೆ ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ, ಹಳ್ಳದಿಂದ ದೂರದ ಖಾಲಿ ನೆಲಕ್ಕೆ ನಿಧಾನವಾಗಿ ಹರಿಸಬೇಕು.