ಗಿಡಮೂಲಿಕೆಯ ಸತ್ವಪರೀಕ್ಷೆ

ಗಿಡಮೂಲಿಕೆಗಳಿಂದ ಔಷಧ ತಯಾರಿಸುವ ಪದ್ಧತಿ ಬಹು ಪ್ರಾಚೀನವಾದುದು. ಆದರೆ ಒಂದೇ ಜಾತಿಯ ಗಿಡಗಳಲ್ಲೆಲ್ಲ ಸತ್ವವು ಒಂದೇ ಸಮನಾಗಿರುವುದಿಲ್ಲ. ಬೆಳೆದ ನೆಲ, ಕೊಯ್ದ ಕಾಲ, ಒಣಗಿಸಿದ ರೀತಿ ಇವುಗಳಿಗನುಸಾರವಾಗಿ ಅದು ಹೆಚ್ಚುಕಡಿಮೆಯಾಗುತ್ತದೆ. ಹಸಿ ಗಿಡವನ್ನು ಕಂಡೊಡನೆ ಗುರುತಿಸಬಲ್ಲ ನುರಿತ ವೈದ್ಯನೂ, ಅದು ಪುಡಿಯಾದ ಮೇಲೆ ಅದರಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಬರಿಗಣ್ಣಿನಿಂದ ಹೇಳಲಾರನು.

ಇದರಿಂದ ಎಂತಹ ಅನಾಹುತವಾಗಬಹುದೆಂಬುದಕ್ಕೆ ಬೆಲ್ಜಿಯಂ ದೇಶದ ಘಟನೆಯೊಂದು ಸಾಕ್ಷಿ. 1990ರ ದಶಕದ ಆರಂಭದಲ್ಲಿ, ದೇಹದ ತೂಕ ಇಳಿಸಲೆಂದು ಚೀನೀ ಮೂಲಿಕೆಗಳ ಪುಡಿಯನ್ನು ಸೇವಿಸಿದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಕೆಟ್ಟುಹೋದವು. ಅವರಲ್ಲಿ ಬಹುಪಾಲು ಸ್ತ್ರೀಯರು. ಸ್ಟೆಫಾನಿಯ ಎಂಬ ಮೂಲಿಕೆಯ ಬದಲು ಅರಿಸ್ಟೊಲೋಕಿಯ ಎಂಬ ವಿಷಮೂಲಿಕೆ ಅದರಲ್ಲಿ ಸೇರಿತ್ತು. ಚೀನೀ ಭಾಷೆಯಲ್ಲಿ ಎರಡರ ಹೆಸರುಗಳೂ ಒಂದನ್ನೊಂದು ಹೋಲುತ್ತವೆ. ನಮ್ಮ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯ ಕುಲಕ್ಕೇ ಸೇರಿದುದು. ರಾಸಾಯನಿಕ ಪರೀಕ್ಷೆಯಿಂದ ಈ ತಪ್ಪು ಬಯಲಾದುದು ಅನಾಹುತ ನಡೆದ ಮೇಲೆ.

ಇಂತಹ ತಪ್ಪನ್ನು ಮೊದಲೇ ಕಂಡುಹಿಡಿಯಲು ನೆರವಾಗುವ ವಿಧಾನವೇ ವರ್ಣರೇಖನ, ಅಂದರೆ ಕ್ರೊಮ್ಯಾಟೋಗ್ರಫಿ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇದರ ಜನಕ. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಅವನು ಎಲೆಯ ಸಾರವನ್ನು ಹಾಯಿಸಿದಾಗ, ಹಸಿರು ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. 1906ರಲ್ಲಿ ಅವನು ಈ ವಿಧಾನಕ್ಕೆ, ‘ಬಣ್ಣದ ಬರಹ’ ಎಂಬರ್ಥ ಬರುವಂತೆ, ಗ್ರೀಕ್ ಪದಗಳಿಂದ ಹೆಸರನ್ನು ರಚಿಸಿದನು.

ಇಂದು ಮೂಲಿಕೆಗಳನ್ನು ಗುರುತಿಸಲು ಸಿಲಿಕ ಲೇಪಿಸಿದ ಫಲಕವನ್ನು ಬಳಸುತ್ತಾರೆ. ಅದರ ಕೆಳಭಾಗದಲ್ಲಿ ಪರೀಕ್ಷಿಸಬೇಕಾದ ಸಾರದ ಒಂದು ಬೊಟ್ಟನ್ನೂ, ಪಕ್ಕದಲ್ಲಿ ನಿಜವಾದ ಮೂಲಿಕೆಯ ಸಾರದ ಇನ್ನೊಂದು ಬೊಟ್ಟನ್ನೂ ಇಟ್ಟು, ಫಲಕದ ಕೆಳ ಅಂಚು ಮಾತ್ರ ಮುಳುಗುವಂತೆ ದ್ರಾವಕದಲ್ಲಿ ನಿಲ್ಲಿಸುತ್ತಾರೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರಾವಕವು ಮೇಲೇರುತ್ತದೆ. ಸಿಲಿಕಕ್ಕೆ ಬಲವಾಗಿ ಅಂಟುವ ಘಟಕಗಳು ಕೆಳಗೇ ಉಳಿಯುತ್ತವೆ. ಉಳಿದವು ದ್ರಾವಕದೊಡನೆ ದೂರ ಸಾಗುತ್ತವೆ. ಬಣ್ಣವಿಲ್ಲದ ಹಲವು ಕಲೆಗಳು ನೇರಳಾತೀತ ಬೆಳಕಿನಲ್ಲಿ ಗೋಚರಿಸುತ್ತವೆ. ಎರಡು ಸಾಲುಗಳ ಕಲೆಗಳೂ ಹೊಂದದಿದ್ದರೆ ಮೂಲಿಕೆಯು ಬೇರೆಯದು ಅಥವಾ ಕಲಬೆರಕೆಯಾದುದು ಎಂಬ ಸಂಶಯ ಹುಟ್ಟುತ್ತದೆ.

ಘಟಕದ ಪ್ರಮಾಣವನ್ನು ಅಳೆಯಲು ದ್ರವ ವರ್ಣರೇಖನದ ಯಂತ್ರಗಳಿವೆ. ನೆಲಬೇವಿನಲ್ಲಿ ಆಂಡ್ರೋಗ್ರಾಫೊಲೈಡ್, ಅರಿಸಿನದಲ್ಲಿ ಕರ್ಕ್ಯುಮಿನ್ ಹೀಗೆ ಒಂದೊಂದು ಘಟಕವನ್ನು ಆರಿಸಿಕೊಂಡು, ಪ್ರತಿಯೊಂದು ತಯಾರಿಕೆಯಲ್ಲಿಯೂ ಅದು ನಿಗದಿಯಾದ ಪ್ರಮಾಣದಲ್ಲಿರುವಂತೆ ನೋಡಿಕೊಳ್ಳುತ್ತಾರೆ. ಇದೇ ಪ್ರಮಾಣೀಕರಣ. ಆದರೆ ಕಳಪೆ ಸಾರಕ್ಕೆ ಆ ಒಂದು ಘಟಕವನ್ನು ಹೊರಗಿನಿಂದ ಬೆರೆಸಿ ವಂಚಿಸಲೂ ಸಾಧ್ಯ. ಆದುದರಿಂದ ಎಲ್ಲ ಘಟಕಗಳ ಒಟ್ಟು ಚಿತ್ರವನ್ನೂ ಪರಿಶೀಲಿಸುವುದು ಅಗತ್ಯ.

ಔಷಧವು ರೋಗವನ್ನು ಗುಣಪಡಿಸುವುದೇ ಎಂಬುದನ್ನು ವರ್ಣರೇಖನವು ಹೇಳದು. ಸೀಸೆಯ ಚೀಟಿಯಲ್ಲಿ ಬರೆದಿರುವುದು ಸೀಸೆಯೊಳಗೂ ಇದೆಯೇ ಎಂಬುದನ್ನು ಅದು ತಿಳಿಸಬಲ್ಲುದು. ನಂಬಿ ಸೇವಿಸುವ ರೋಗಿಗೆ ಅಷ್ಟು ಭರವಸೆಯಾದರೂ ದೊರೆಯಲೇಬೇಕು.