ಬಾಡಿಗೆ ಮನೆಯ ಲಾಭ: ಯಾವ ಲೆಕ್ಕ ನಂಬಬೇಕು?

‘ಎಂಬತ್ತು ಲಕ್ಷದ ಫ್ಲ್ಯಾಟು ಮೇಡಂ, ತಿಂಗಳಿಗೆ 25 ಸಾವಿರ ಬಾಡಿಗೆ ಗ್ಯಾರಂಟಿ.’ ಬೆಂಗಳೂರಿನ ಬ್ರೋಕರ್‌ಗಳ ಈ ಮಾತಿನಲ್ಲಿ ಸುಳ್ಳೇನಿಲ್ಲ. ವರ್ಷಕ್ಕೆ 3 ಲಕ್ಷ, ಅಂದರೆ ಶೇ 3.75. ಆದರೆ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಅರ್ಜಿಗಳನ್ನು ನೋಡಿ ನೋಡಿಯೇ ನಿವೃತ್ತಳಾದ ನಾನು, ಈ ಒಂದು ಅಂಕಿಯನ್ನು ನಂಬಿ ಸಹಿ ಹಾಕಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮೊದಲು ಮನೆ ನಿಜಕ್ಕೂ ಎಷ್ಟಕ್ಕೆ ಬಿತ್ತು ಎಂದು ಬರೆದುಕೊಳ್ಳಿ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಕೂಡಿದರೆ ಬೆಂಗಳೂರಿನಲ್ಲಿ ಸುಮಾರು ಶೇ 7.6, ಅಂದರೆ 6 ಲಕ್ಷ. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಗೀಸರ್‌ಗೆ ಇನ್ನು 4 ಲಕ್ಷ ಇಟ್ಟುಕೊಳ್ಳಿ. ಅಲ್ಲಿಗೆ 90 ಲಕ್ಷ. ಇನ್ನು ಬಾಡಿಗೆ. ಒಬ್ಬರು ಖಾಲಿ ಮಾಡಿ ಮತ್ತೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳ ಬಾಡಿಗೆ ಹೋಗುತ್ತದೆ. ತಿಂಗಳ 3,500 ಮೇಂಟೆನೆನ್ಸ್ ಮಾಲೀಕರದ್ದೇ ಆದರೆ ವರ್ಷಕ್ಕೆ 42 ಸಾವಿರ. ಆಸ್ತಿ ತೆರಿಗೆ, ಸುಣ್ಣಬಣ್ಣ, ನಲ್ಲಿ ರಿಪೇರಿ, ಬ್ರೋಕರ್ ಕಮಿಷನ್‌ಗೆ 23 ಸಾವಿರ. ಉಳಿಯುವುದು 2.1 ಲಕ್ಷ. ಶೇ 3.75 ಎಂದದ್ದು ಶೇ 2.3ಕ್ಕೆ ಇಳಿಯಿತು.

ಸಾಲ ಮಾಡಿ ಕೊಳ್ಳುವವರು ಇಲ್ಲಿಗೆ ನಿಲ್ಲಿಸಬಾರದು. ಅವರು ನೋಡಬೇಕಾದದ್ದು ಸ್ವಂತ ಜೇಬಿನ ಲೆಕ್ಕ. 30 ಲಕ್ಷ ಕೈಯಿಂದ ಹಾಕಿ, 60 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ಇಎಂಐ ಸುಮಾರು 52 ಸಾವಿರ. ಬಾಡಿಗೆಯಲ್ಲಿ ಉಳಿದದ್ದು ತಿಂಗಳಿಗೆ 17,500. ಮಿಕ್ಕ 34,500 ಪ್ರತಿ ತಿಂಗಳೂ ಸಂಬಳದಿಂದಲೇ ಹೋಗಬೇಕು. ಅದರಲ್ಲಿ ಸ್ವಲ್ಪ ಅಸಲಿಗೆ ಸಲ್ಲುತ್ತದೆ, ನಿಜ. ಆದರೂ ಮೊದಲ ವರ್ಷದ ಬಡ್ಡಿಯೇ 5 ಲಕ್ಷ. ಬಾಡಿಗೆ ಕಳೆದರೂ 3 ಲಕ್ಷ ಕೊರತೆ. ಆ 30 ಲಕ್ಷ ಶೇ 7ರ ಎಫ್‌ಡಿಯಲ್ಲಿದ್ದಿದ್ದರೆ ಬರುತ್ತಿದ್ದ 2.1 ಲಕ್ಷವನ್ನೂ ಸೇರಿಸಿ. ಇಷ್ಟು ತುಂಬಿಕೊಳ್ಳಲು ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 6ಕ್ಕೂ ಹೆಚ್ಚು ಏರಬೇಕು. ಆದಾಯ ತೆರಿಗೆ ಕಾಪಾಡುತ್ತದೆ ಎಂಬ ಭರವಸೆಯೂ ಅಷ್ಟಕ್ಕಷ್ಟೇ: ಹಳೆಯ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದ ಎದುರು ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ ತೋರಿಸಬಹುದು, ಹೊಸದರಲ್ಲಿ ಅದೂ ಇಲ್ಲ.

‘ಬೆಲೆ ಡಬಲ್ ಆಗುತ್ತೆ ಬಿಡಿ’ ಎನ್ನುವವರನ್ನು ಎಷ್ಟು ವರ್ಷಕ್ಕೆ ಎಂದು ಕೇಳಿ. ಹತ್ತು ವರ್ಷಕ್ಕಾದರೆ ಅದು ವರ್ಷಕ್ಕೆ ಶೇ 7.2ರ ಏರಿಕೆ, ಹದಿನೈದಕ್ಕಾದರೆ ಶೇ 4.7.

ನಮ್ಮ ಬೀದಿಯ ಹಿರಿಯರೊಬ್ಬರದು ಇದಕ್ಕೆ ತಿರುವುಮುರುವು. 4 ಲಕ್ಷಕ್ಕೆ ಕೊಂಡಿದ್ದ ಮನೆ ಈಗ ಖರ್ಚು ಕಳೆದು ವರ್ಷಕ್ಕೆ 2 ಲಕ್ಷ ತರುತ್ತದೆ. ‘ಶೇ 50 ಲಾಭ ಅಲ್ವೇನಮ್ಮಾ’ ಎಂದು ಕೇಳಿದರು. ಅಂದು ಕೊಟ್ಟ ಹಣದ ಮೇಲೆ ಹೌದು. ಆದರೆ ಮನೆಯ ಇಂದಿನ ಬೆಲೆ 80 ಲಕ್ಷ, ಅದರ ಮೇಲೆ ಶೇ 2.5 ಮಾತ್ರ. ಹಾಗೆಂದು ಮಾರಿಬಿಡಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಮಾರಿದರೆ ಬಂಡವಾಳ ಲಾಭದ ತೆರಿಗೆ ಇದೆ. ಅವರಿಗೆ ಸಾಲವಿಲ್ಲ, ಪೆನ್ಷನ್ನೂ ಇಲ್ಲ. ಎಫ್‌ಡಿಯಲ್ಲಿ ಇವತ್ತು ಬಡ್ಡಿ ಹೆಚ್ಚು ಸಿಕ್ಕರೂ, ದಿನಸಿ ಮತ್ತು ಔಷಧಿಯ ಬೆಲೆ ಏರಿದ ಹಾಗೆ ಅದು ಏರುವುದಿಲ್ಲ. ಅವರ ಬಾಡಿಗೆಯಾದರೋ 11 ತಿಂಗಳ ಕರಾರು ಹೊಸದು ಮಾಡಿದಾಗಲೆಲ್ಲ ಶೇ 5 ಏರುತ್ತಿದೆ.