ಹೊರ ವಿಂಡೋ ಯಾರ ಸ್ವತ್ತು?

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಪ್ರೋಗ್ರಾಂ ಬರೆಯಲು ಹೊರಟವರಿಗೆ ಮೊದಲು ಎದುರಾಗುವುದೇ ಹೊರ ವಿಂಡೋ. ಅದನ್ನು ತೆರೆಯಲು ನಾಲ್ಕು ಸಾಲು ಸಾಕು. ಅದರ ರೀತಿ ರಿವಾಜು ಕಲಿಯಲು ತಾಳ್ಮೆ ಬೇಕು.

ಅರ್ಧ ಬರೆದ ಕಡತವೊಂದು ಪರದೆಯ ಮೇಲಿದೆ. ವಿಂಡೋದ ಮೂಲೆಯಲ್ಲಿರುವ ಮುಚ್ಚುವ ಗುಂಡಿಯನ್ನು ಒತ್ತಿದಿರಿ. ವಿಂಡೋ ಮುಚ್ಚಲಿಲ್ಲ. ‘ಬದಲಾವಣೆಗಳನ್ನು ಉಳಿಸಬೇಕೇ?’ ಎಂದು ಕೇಳುವ ಪುಟ್ಟ ಚೌಕ ಎದುರಿಗೆ ಬಂತು. ದಿನಕ್ಕೆ ಹತ್ತು ಸಲ ಕಾಣುವ ಈ ಕ್ಷಣದಲ್ಲಿ ಮೂವರು ಸೇರಿದ್ದಾರೆ. ಗುಂಡಿ ಒತ್ತಿದವರು ನೀವು. ಒತ್ತಿದ್ದನ್ನು ಗಮನಿಸಿದ್ದು ಆಪರೇಟಿಂಗ್ ಸಿಸ್ಟಂ. ಆ ಸಿಸ್ಟಂ ತಾನೇ ವಿಂಡೋವನ್ನು ಅಳಿಸಿಹಾಕದೆ ‘ಬಳಸುವವರು ಮುಚ್ಚು ಎನ್ನುತ್ತಿದ್ದಾರೆ’ ಎಂದು ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸಿತು. ಪ್ರೋಗ್ರಾಂ ‘ಸ್ವಲ್ಪ ತಾಳು, ಉಳಿಸದ ಬರಹವಿದೆ’ ಎಂದಿತು.

ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಸಂಗತಿ ಇದೇ ಎಂದು ನಾನು ನಂಬಿದ್ದೇನೆ. ಹೊರ ವಿಂಡೋ ಪ್ರೋಗ್ರಾಮಿನ ಸ್ವಂತ ಆಸ್ತಿಯಲ್ಲ. ಅದರಲ್ಲಿ ಸಿಸ್ಟಮಿಗೂ ಪಾಲಿದೆ, ಬಳಸುವವರಿಗೂ ಪಾಲಿದೆ. ಅಲ್ಲಿ ಆಜ್ಞೆ ನಡೆಯುವುದಿಲ್ಲ, ಕೋರಿಕೆ ನಡೆಯುತ್ತದೆ.

ಒಳಗಿನದು, ಹೊರಗಿನದು

ಪರದೆಯ ಮೇಲಿನ ಗುಂಡಿ, ಬರೆಯುವ ಚೌಕ, ಪಟ್ಟಿ ಇವೆಲ್ಲ, ಅವನ್ನು ಪ್ರೋಗ್ರಾಮಿಗೆ ಒದಗಿಸುವ ಟೂಲ್‌ಕಿಟ್‌ಗಳ ಲೆಕ್ಕದಲ್ಲಿ ವಿಂಡೋಗಳೇ. ಆದರೆ ಅವೆಲ್ಲ ಇನ್ನೊಂದು ವಿಂಡೋದ ಹೊಟ್ಟೆಯಲ್ಲಿರುತ್ತವೆ. ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡು ನೇರವಾಗಿ ಡೆಸ್ಕ್‌ಟಾಪ್‌ ಮೇಲೆ ನಿಲ್ಲುವುದು ಟಾಪ್ ಲೆವೆಲ್ ವಿಂಡೋ. ಅದಕ್ಕೆ ಟೈಟಲ್ ಬಾರ್ ಇದೆ, ಟಾಸ್ಕ್‌ಬಾರ್‌ನಲ್ಲಿ ಜಾಗವಿದೆ; ಎಳೆದು ಸರಿಸಬಹುದು, ಹಿಗ್ಗಿಸಬಹುದು, ಕೆಳಗಿಳಿಸಬಹುದು. ಮನೆಯೊಳಗೆ ಮಂಚ ಎಲ್ಲಿರಬೇಕು, ಕಪಾಟು ಎಲ್ಲಿರಬೇಕು ಎನ್ನುವುದು ಮನೆಯವರ ಇಷ್ಟ. ಬೀದಿಗೆ ಮುಖ ಮಾಡಿದ ಜಗುಲಿಯ ವಿಷಯದಲ್ಲಿ ಮಾತ್ರ ಬೀದಿಯ ರೀತಿಯನ್ನೂ ನೋಡಬೇಕಾಗುತ್ತದೆ.

ಮೂರು ಸಿಸ್ಟಮಿನ ರೀತಿ ಮೂರು ಬಗೆ. ವಿಂಡೋಸ್‌ನಲ್ಲಿ ಮೆನು ವಿಂಡೋದೊಳಗೇ ಇರುತ್ತದೆ, ಮ್ಯಾಕ್‌ನಲ್ಲಿ ಪರದೆಯ ನೆತ್ತಿಯ ಮೇಲಿರುತ್ತದೆ. ಲಿನಕ್ಸ್‌ನಲ್ಲಿ ಟೈಟಲ್ ಬಾರ್ ಬಿಡಿಸುವ ಕೆಲಸವನ್ನು ಬಹುಕಾಲ ವಿಂಡೋ ಮ್ಯಾನೇಜರ್ ಎಂಬ ಬೇರೆಯದೇ ಪ್ರೋಗ್ರಾಂ ಮಾಡಿಕೊಂಡು ಬಂದಿದೆ. ಈ ಮೂವರ ಜೊತೆಗೂ ನಮ್ಮ ಪರವಾಗಿ ಮಾತಾಡುವುದೇ ಕ್ರಾಸ್ ಪ್ಲಾಟ್‌ಫಾರ್ಮ್ ಟೂಲ್‌ಕಿಟ್‌ನ ಕಾಯಕ.

ಎಡಿನ್‌ಬರೋದ ಹುಟ್ಟು

ಕ್ಯೂಟಿ, ಜಿಟಿಕೆ, ಟಿಕೆ ಹೀಗೆ ಇಂಥ ಟೂಲ್‌ಕಿಟ್‌ಗಳು ಹಲವು ಇವೆ. ನಾನಿಲ್ಲಿ ಎತ್ತಿಕೊಳ್ಳುವುದು ಡಬ್ಲ್ಯುಎಕ್ಸ್‌ವಿಜೆಟ್ಸ್ ಅನ್ನು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಅನ್ವಯಗಳ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಜೂಲಿಯನ್ ಸ್ಮಾರ್ಟ್ 1992ರಲ್ಲಿ ಇದನ್ನು ಶುರುಮಾಡಿದರು. ಆಗ ಅವರು ಕಟ್ಟುತ್ತಿದ್ದ ‘ಹಾರ್ಡಿ’ ಎಂಬ ರೇಖಾಚಿತ್ರದ ಸಾಧನ ವಿಂಡೋಸ್‌ನಲ್ಲೂ ಓಡಬೇಕಿತ್ತು, ಎಕ್ಸ್ ಎಂಬ ವಿಂಡೋ ಪದ್ಧತಿ ಬಳಸುವ ಯುನಿಕ್ಸ್ ಯಂತ್ರಗಳಲ್ಲೂ ಓಡಬೇಕಿತ್ತು. ಮಾರುಕಟ್ಟೆಯಲ್ಲಿದ್ದ ಟೂಲ್‌ಕಿಟ್‌ಗಳ ಬೆಲೆ ಒಂದು ಪ್ರಾಯೋಗಿಕ ಯೋಜನೆಯ ಕೈಗೆಟುಕುವಂತಿರಲಿಲ್ಲ. ಸ್ವಂತದ್ದನ್ನೇ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ವಿಂಡೋಸ್‌ನ ‘ಡಬ್ಲ್ಯು’ ಮತ್ತು ಎಕ್ಸ್ ಸೇರಿ ಡಬ್ಲ್ಯುಎಕ್ಸ್‌ವಿಂಡೋಸ್ ಆಯಿತು. ಮೈಕ್ರೋಸಾಫ್ಟ್‌ನ ಟ್ರೇಡ್‌ಮಾರ್ಕ್ ಕಾರಣದಿಂದ 2004ರಲ್ಲಿ ಡಬ್ಲ್ಯುಎಕ್ಸ್‌ವಿಜೆಟ್ಸ್ ಎಂದು ಹೆಸರು ಬದಲಾಯಿತು. ಧ್ವನಿ ಸಂಕಲನಕ್ಕೆ ಜಗತ್ತಿನಾದ್ಯಂತ ಬಳಸುವ ಆಡಾಸಿಟಿ, ಸರ್ಕ್ಯೂಟ್ ವಿನ್ಯಾಸದ ಕಿಕ್ಯಾಡ್, ಕಡತ ರವಾನೆಯ ಫೈಲ್‌ಜಿಲ್ಲಾ ಬೆಳೆದದ್ದು ಇದರ ಮೇಲೆಯೇ.

ತನ್ನದೇ ಗುಂಡಿ, ತನ್ನದೇ ಚೌಕಗಳನ್ನು ಬಿಡಿಸಿಕೊಳ್ಳುವ ಬದಲು ಆದಷ್ಟೂ ಆಯಾ ಸಿಸ್ಟಮಿನ ಸ್ವಂತ ಗುಂಡಿ, ಸ್ವಂತ ವಿಂಡೋಗಳನ್ನೇ ಬಳಸುವುದು ಇದರ ಹಾದಿ. ಹೀಗಾಗಿ ಸಿಸ್ಟಮಿನ ರೀತಿ ರಿವಾಜುಗಳು ಇಲ್ಲಿ ಮುಚ್ಚಿಹೋಗುವುದಿಲ್ಲ. ಕಲಿಯುವವರ ಕಣ್ಣಿಗೆ ನೇರವಾಗಿ ಬೀಳುತ್ತವೆ.

ತೆರೆಯುವ ಮೊದಲು

ಡಬ್ಲ್ಯುಎಕ್ಸ್‌ವಿಜೆಟ್ಸ್‌ನಲ್ಲಿ ‘ಟಾಪ್ ಲೆವೆಲ್ ವಿಂಡೋ’ ಎಂಬ ಮೂಲ ಕ್ಲಾಸ್ ಇದೆ. ಅದರಿಂದ ಎರಡು ಕವಲು: ಮೆನು, ಟೂಲ್‌ಬಾರ್, ಸ್ಟೇಟಸ್‌ಬಾರ್ ಹೊತ್ತು ಕೆಲಸದ ಅಂಗಳವಾಗುವ ಫ್ರೇಮ್ ಒಂದು, ಪ್ರಶ್ನೆ ಕೇಳಿ, ಉತ್ತರ ಪಡೆದು ಸರಿಯುವ ಡೈಲಾಗ್ ಇನ್ನೊಂದು. ಪ್ರೋಗ್ರಾಂ ಶುರುವಾಗುವಾಗ ಫ್ರೇಮ್ ಸೃಷ್ಟಿಸುತ್ತೇವೆ. ಹೊಸಬರು ಇಲ್ಲಿಯೇ ಗಲಿಬಿಲಿಗೊಳ್ಳುತ್ತಾರೆ, ಯಾಕೆಂದರೆ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ. ಗುಂಡಿ, ಪಟ್ಟಿಗಳು ಹುಟ್ಟಿದೊಡನೆ ಕಾಣುತ್ತವೆ. ಫ್ರೇಮ್ ಮಾತ್ರ ‘ಶೋ’ ಎಂದು ಕರೆಯುವವರೆಗೆ ಮರೆಯಲ್ಲೇ ಇರುತ್ತದೆ. ಒಳಗಿನ ಗುಂಡಿ ಮೆನುಗಳೆಲ್ಲ ತಮ್ಮ ಜಾಗ ಸೇರಿ ಅಳತೆ ನಿಂತ ಮೇಲೆ ಒಮ್ಮೆಗೇ ಕಾಣಿಸಿಕೊಳ್ಳಲಿ, ಒಂದೊಂದೇ ಭಾಗ ಮಿಣಮಿಣನೆ ಬಂದು ಕಣ್ಣಿಗೆ ತೊಂದರೆ ಕೊಡದಿರಲಿ ಎಂಬ ಕಾಳಜಿ ಅದರ ಹಿಂದಿದೆ.

ಫ್ರೇಮ್ ಸೃಷ್ಟಿಸುವಾಗ ಅದು ಹೇಗಿರಬೇಕೆಂದೂ ಹೇಳುತ್ತೇವೆ: ಅಂಚು ಎಳೆದು ಹಿಗ್ಗಿಸಬಹುದೇ, ಎಲ್ಲಕ್ಕಿಂತ ಮೇಲೆಯೇ ಇರಬೇಕೇ, ಟಾಸ್ಕ್‌ಬಾರ್‌ನಲ್ಲಿ ಕಾಣಬಾರದೇ. ಇದಿಷ್ಟೂ ನಮ್ಮ ಇಚ್ಛೆಯ ಪಟ್ಟಿ. ಅದರಲ್ಲಿ ಯಾವುದು ಈಡೇರುತ್ತದೆ ಎನ್ನುವುದು ಸಿಸ್ಟಮಿಗೆ ಬಿಟ್ಟದ್ದು.

ಎಲ್ಲಿ ನಿಲ್ಲಬೇಕು?

ಈ ಮಾತು ಹೆಚ್ಚು ಸ್ಪಷ್ಟವಾಗುವುದು ವಿಂಡೋದ ಜಾಗದ ಪ್ರಶ್ನೆಯಲ್ಲಿ. ‘ಪರದೆಯ ಎಡದಿಂದ ನೂರು ಪಿಕ್ಸೆಲ್, ಮೇಲಿನಿಂದ ನೂರು ಪಿಕ್ಸೆಲ್’ ಎಂದರೆ ವಿಂಡೋಸ್ ಒಪ್ಪುತ್ತದೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾದ ಎಕ್ಸ್ ಪದ್ಧತಿಯಲ್ಲಿ ಅದು ವಿಂಡೋ ಮ್ಯಾನೇಜರ್‌ಗೆ ಕೊಟ್ಟ ಸಲಹೆ. ಮ್ಯಾನೇಜರ್ ಅದನ್ನು ಕೇಳಲೂಬಹುದು, ಬಿಡಲೂಬಹುದು. ಲಿನಕ್ಸ್‌ನಲ್ಲಿ ಈಗ ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಂತೂ ಸಾಮಾನ್ಯ ಪ್ರೋಗ್ರಾಂ ತನ್ನ ಹೊರ ವಿಂಡೋ ಇಂಥಲ್ಲೇ ಇರಲಿ ಎಂದು ಹೇಳುವಂತೆಯೇ ಇಲ್ಲ. ತಾನು ಪರದೆಯ ಯಾವ ಮೂಲೆಯಲ್ಲಿದ್ದೇನೆ ಎಂಬುದೂ ಅದಕ್ಕೆ ತಿಳಿಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಜಿಟಿಕೆ 4, ವಿಂಡೋವನ್ನು ಸರಿಸುವ ಹಳೆಯ ಫಂಕ್ಷನ್ನನ್ನೇ ತೆಗೆದುಹಾಕಿತು.

ಇದನ್ನು ಕೊರತೆ ಎಂದು ದೂರುವವರಿದ್ದಾರೆ. ನಿನ್ನೆ ಬಿಟ್ಟ ಜಾಗದಲ್ಲೇ ಇಂದು ಎಲ್ಲ ವಿಂಡೋಗಳೂ ತೆರೆದುಕೊಳ್ಳಲಿ ಎಂದು ಬಯಸುವವರ ಅಹವಾಲಿನಲ್ಲಿ ನ್ಯಾಯವಿದೆ. ಹಲವು ವಿಂಡೋಗಳನ್ನು ಒಟ್ಟಿಗೆ ಹರಡಿಕೊಂಡು ಕೆಲಸ ಮಾಡುವ ಧ್ವನಿ ಸಂಕಲನಕಾರರಿಗೆ, ಎಂಜಿನಿಯರ್‌ಗಳಿಗೆ ಅದು ನಿತ್ಯದ ಅಗತ್ಯ. ಆದರೆ ಈ ನಿರ್ಬಂಧಕ್ಕೂ ಕಾರಣವಿದೆ. ತನಗೆ ಬೇಕಾದಲ್ಲಿ ಬಂದು ಕೂರಬಲ್ಲ ಪ್ರೋಗ್ರಾಂ, ಇನ್ನೊಂದು ಪ್ರೋಗ್ರಾಮಿನ ಪಾಸ್‌ವರ್ಡ್ ಚೌಕದ ಮೇಲೆ ಸರಿಯಾಗಿ ಅದರಂತೆಯೇ ಕಾಣುವ ಚೌಕ ಹೊದಿಸಲೂ ಬಲ್ಲದು. ಪರದೆ ಬಳಸುವವರದು, ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುವ ಹಕ್ಕನ್ನು ಅವರ ಪರವಾಗಿ ಸಿಸ್ಟಂ ಕಾಯುತ್ತದೆ.

ಜಾಗವನ್ನು ನೆನಪಿಡಲು ಬಿಡುವ ಸಿಸ್ಟಮಿನಲ್ಲೂ ಎಚ್ಚರ ಬೇಕು. ಕಚೇರಿಯಲ್ಲಿ ಎರಡನೇ ಮಾನಿಟರ್ ಮೇಲೆ ಬಿಟ್ಟ ವಿಂಡೋವನ್ನು ಮನೆಗೆ ಬಂದು ಬರೀ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಅದು ಈಗಿಲ್ಲದ ಮಾನಿಟರಿನ ಮೇಲೆ ಹೋಗಿ ನಿಂತೀತು. ಪ್ರೋಗ್ರಾಂ ಓಡುತ್ತಿದೆ, ಕಣ್ಣಿಗೆ ಮಾತ್ರ ಕಾಣುತ್ತಿಲ್ಲ. ಉಳಿಸಿಟ್ಟ ಜಾಗ ಈಗಿರುವ ಯಾವುದಾದರೂ ಪರದೆಯೊಳಗೆ ಬೀಳುತ್ತದೆಯೇ ಎಂದು ತೆರೆಯುವ ಮೊದಲು ನೋಡಿಕೊಳ್ಳುವ ಎರಡು ಸಾಲು ಈ ಸಂಕಟವನ್ನು ತಪ್ಪಿಸುತ್ತದೆ.

ಮುಚ್ಚುವುದೆಂಬ ಪ್ರಶ್ನೆ

ಮುಚ್ಚುವ ವಿಷಯದಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ಬೆಳೆದ ಸಿಸ್ಟಂಗಳೆಲ್ಲ ಒಂದೇ ತೀರ್ಮಾನಕ್ಕೆ ಬಂದಿರುವುದು ನನ್ನನ್ನು ಬಹಳ ಸೆಳೆದ ಸಂಗತಿ. ಗುಂಡಿ ಒತ್ತಿದಾಗ ವಿಂಡೋಸ್ ಒಂದು ಸಂದೇಶ ಕಳಿಸುತ್ತದೆ. ಎಕ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ‘ಅಳಿಸಿಕೊಳ್ಳುವೆಯಾ’ ಎಂಬ ಸೂಚನೆ ಕೊಡುತ್ತದೆ. ಮ್ಯಾಕ್ ‘ಮುಚ್ಚಲೇ’ ಎಂದು ಕೇಳಿ ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಕಾಯುತ್ತದೆ. ವೇಲ್ಯಾಂಡ್‌ನ ನಿಯಮಾವಳಿಯೂ ಇದು ಬಳಸುವವರ ಇಚ್ಛೆಯ ಸೂಚನೆಯಷ್ಟೇ ಎನ್ನುತ್ತದೆ. ಉಳಿಸದ ಬರಹ ಯಾರದೋ ಶ್ರಮ. ಅದನ್ನು ಕೇಳದೆ ಅಳಿಸಬಾರದು ಎಂಬ ವಿವೇಕ ಎಲ್ಲ ಕಡೆಯೂ ಗೆದ್ದಿದೆ.

ಈ ನಾಲ್ಕನ್ನೂ ಡಬ್ಲ್ಯುಎಕ್ಸ್‌ವಿಜೆಟ್ಸ್ ಒಂದೇ ‘ಕ್ಲೋಸ್ ಇವೆಂಟ್’ ಆಗಿ ನಮ್ಮ ಮುಂದಿಡುತ್ತದೆ. ಒಪ್ಪಿಗೆಯಾದರೆ ‘ಡಿಸ್ಟ್ರಾಯ್’ ಕರೆಯಬೇಕು, ಬೇಡವಾದರೆ ‘ವೀಟೋ’ ಹಾಕಬೇಕು. ಆದರೆ ವೀಟೋ ಹಾಕುವ ಮುನ್ನ ‘ನನಗೆ ಆ ಅಧಿಕಾರವಿದೆಯೇ’ ಎಂದು ವಿಚಾರಿಸಿಕೊಳ್ಳಬೇಕು. ಯಾವ ಕಾರಣಕ್ಕೂ ನಿಲ್ಲಿಸಲಾಗದ, ಮುಚ್ಚಲೇಬೇಕಾದ ಸಂದರ್ಭಗಳೂ ಇವೆ. ಆಗ ‘ರದ್ದುಮಾಡು’ ಗುಂಡಿಯನ್ನು ತೋರಿಸುವುದು ಬಳಸುವವರಿಗೆ ಕೊಡುವ ಹುಸಿ ಭರವಸೆಯಾಗುತ್ತದೆ.

‘ಡಿಸ್ಟ್ರಾಯ್’ ಎಂದೊಡನೆ ಫ್ರೇಮ್ ಆ ಗಳಿಗೆಯಲ್ಲೇ ನೆನಪಿನಿಂದ ಅಳಿಯುವುದೂ ಇಲ್ಲ. ಸರದಿಯಲ್ಲಿ ಅದಕ್ಕೆಂದು ಬಂದ ಸಂದೇಶಗಳು ಇನ್ನೂ ಉಳಿದಿರಬಹುದು. ಅಳಿದುಹೋದ ವಿಂಡೋಗೆ ಸಂದೇಶ ತಲುಪಿದರೆ ಪ್ರೋಗ್ರಾಂ ಕುಸಿಯುತ್ತದೆ. ಅದಕ್ಕಾಗಿ ಟೂಲ್‌ಕಿಟ್ ಫ್ರೇಮಿನ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಬಾಕಿ ಸಂದೇಶಗಳೆಲ್ಲ ಮುಗಿದ ಮೇಲೆ ಅಳಿಸುತ್ತದೆ. ಸಿ++ ಬಲ್ಲವರು ಅಭ್ಯಾಸಬಲದಿಂದ ‘ಡಿಲೀಟ್’ ಬರೆದು ಕೆಡುವುದು ಇಲ್ಲಿಯೇ.

ಡೈಲಾಗ್‌ನ ನಡತೆ ಬೇರೆ. ಅದರ ಮುಚ್ಚುವ ಗುಂಡಿ ಒತ್ತಿದರೆ ‘ರದ್ದುಮಾಡು’ ಒತ್ತಿದಂತೆ ಲೆಕ್ಕ. ಡೈಲಾಗ್ ಮರೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಅದರಲ್ಲಿ ತುಂಬಿದ ಉತ್ತರವನ್ನು ಪ್ರೋಗ್ರಾಂ ಆಮೇಲೆ ಓದಿಕೊಳ್ಳಬೇಕಲ್ಲ! ಮರೆಯಾದದ್ದಕ್ಕೂ ಅಳಿದದ್ದಕ್ಕೂ ಇರುವ ಈ ಅಂತರವನ್ನು ಫ್ರೇಮಿನ ವಿಷಯದಲ್ಲಿ ಮರೆತರೆ ಕಷ್ಟ. ಕೊನೆಯ ಹೊರ ವಿಂಡೋ ಅಳಿದಾಗ ಪ್ರೋಗ್ರಾಂ ತಾನಾಗಿ ಮುಗಿಯುವುದು ಇಲ್ಲಿನ ನಿಯಮ. ಎಲ್ಲೋ ಒಂದು ಫ್ರೇಮನ್ನು ಅಳಿಸದೆ ಬರೀ ಮರೆಮಾಡಿದ್ದರೆ ಪ್ರೋಗ್ರಾಂ ಮುಗಿಯದೆ, ಕಣ್ಣಿಗೂ ಕಾಣದೆ, ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಮ್ಯಾಕ್ ಬಳಸುವವರ ರೂಢಿ ಇನ್ನೊಂದು ಬಗೆ: ವಿಂಡೋಗಳೆಲ್ಲ ಮುಚ್ಚಿದರೂ ಪ್ರೋಗ್ರಾಂ ಜೀವಂತವಿದ್ದು ಮೇಲಿನ ಮೆನು ಹಾಗೇ ಇರಬೇಕೆಂದು ಅವರು ನಿರೀಕ್ಷಿಸುತ್ತಾರೆ. ಅಲ್ಲಿ ಈ ನಿಯಮವನ್ನು ಬದಲಿಸಿ ಹೊಂದಿಸಿಕೊಳ್ಳಬೇಕು.

ಕನ್ನಡ ಬಂದಾಗ

ಟೈಟಲ್ ಬಾರ್ ಸಿಸ್ಟಮಿನದು ಎಂಬ ಮಾತಿನ ಬಿಸಿಯನ್ನು ಕನ್ನಡಿಗರು ಚೆನ್ನಾಗಿ ಉಂಡಿದ್ದಾರೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸಿದ ಫಾಂಟ್‌ಗಳಲ್ಲಿ ನಮ್ಮ ಬರಹ ನಡೆಯುತ್ತಿತ್ತು. ಬರೆಯುವ ಚೌಕಕ್ಕೆ ಆ ಫಾಂಟ್ ಹಾಕಬಹುದಿತ್ತು. ಟೈಟಲ್ ಬಾರ್‌ಗೆ ಫಾಂಟ್ ಆರಿಸುವುದು ಸಿಸ್ಟಂ. ಹಾಗಾಗಿ ಒಳಗೆ ಚೆಂದದ ಕನ್ನಡ, ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತಾದರೂ ಪ್ರೋಗ್ರಾಂಗಳು ಅದನ್ನು ಒಪ್ಪಿಕೊಳ್ಳಲು ವರ್ಷಗಳು ಹಿಡಿದವು. ಡಬ್ಲ್ಯುಎಕ್ಸ್‌ವಿಜೆಟ್ಸ್ ಕೂಡ ಬಹುಕಾಲ ಆನ್ಸಿ ಎಂಬ ಹಳೆಯ ಸಂಕೇತ ಪದ್ಧತಿಯದು, ಯುನಿಕೋಡ್‌ನದು ಎಂದು ಎರಡು ಬಗೆಯಲ್ಲಿ ಸಿಗುತ್ತಿತ್ತು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ ಇಲ್ಲವೇ ಇಲ್ಲ. ಆನ್ಸಿ ಬಗೆಯಲ್ಲಿ ಕಟ್ಟಿದ ಪ್ರೋಗ್ರಾಮಿಗೆ ನಮ್ಮ ಭಾಷೆ ನಿಲುಕುತ್ತಿರಲಿಲ್ಲ. 2013ರ ನವೆಂಬರ್‌ನಲ್ಲಿ ಬಂದ 3.0 ಆವೃತ್ತಿಯ ಹೊತ್ತಿಗೆ ಈ ಎರಡು ದಾರಿ ಒಂದಾಗಿತ್ತು.

ಅಕ್ಷರದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್‌ಗೆ ಸಾಕಾಗುವಷ್ಟೇ ಎತ್ತರ ನಿಗದಿಮಾಡಿದ ಗುಂಡಿಯಲ್ಲಿ ಅವುಗಳ ಕಾಲು ಕತ್ತರಿಸಿಹೋಗುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಜಾಗ ಗೊತ್ತುಮಾಡುವುದನ್ನು ಬಿಟ್ಟು ‘ಸೈಜರ್’ ಬಳಸಿದರೆ, ಒಳಗಿನ ಬರಹದ ಅಳತೆ ನೋಡಿ ಗುಂಡಿಯೂ ಅದನ್ನು ಹೊತ್ತ ವಿಂಡೋವೂ ತಾವಾಗಿ ಹಿಗ್ಗುತ್ತವೆ. ಡೈಲಾಗ್‌ನ ‘ಸರಿ’, ‘ರದ್ದುಮಾಡು’ ಗುಂಡಿಗಳ ಕ್ರಮ ವಿಂಡೋಸ್‌ನಲ್ಲಿ ಒಂದು, ಮ್ಯಾಕ್‌ನಲ್ಲಿ ಅದರ ತಿರುಗು; ಅದನ್ನು ಹೊಂದಿಸಲೂ ಒಂದು ಸೈಜರ್ ಇದೆ.

ಬ್ರೌಸರ್‌ನಲ್ಲೇ ಎಲ್ಲವೂ ಸಿಗುವ ಈ ಕಾಲದಲ್ಲಿ ಡೆಸ್ಕ್‌ಟಾಪ್ ವಿಂಡೋ ಯಾಕೆ ಕಲಿಯಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಂಟರ್ನೆಟ್ ಕೈಕೊಟ್ಟಾಗಲೂ ಓಡುವ, ಬರಹವನ್ನು ನಮ್ಮ ಯಂತ್ರದಲ್ಲೇ ಉಳಿಸುವ, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ತೆರೆಯುವ ಪ್ರೋಗ್ರಾಂಗಳು ಹಳ್ಳಿಯ ಶಾಲೆಗೆ, ಸಣ್ಣ ಮುದ್ರಣಾಲಯಕ್ಕೆ, ಗ್ರಂಥಾಲಯಕ್ಕೆ ಇಂದಿಗೂ ಬೇಕು. ಕನ್ನಡದಲ್ಲಿ ಅಂಥವು ಇನ್ನೂ ಹೆಚ್ಚು ಬೇಕು, ಮೂರೂ ಸಿಸ್ಟಂಗಳಲ್ಲಿ ಓಡಬೇಕು. ಅವನ್ನು ಬರೆಯುವವರು ಕೋಡಿನ ಜೊತೆಗೆ ಹೊರ ವಿಂಡೋ ಕಲಿಸುವ ನಡತೆಯನ್ನೂ ಮೈಗೂಡಿಸಿಕೊಳ್ಳಲಿ: ಸಿದ್ಧವಾದ ಮೇಲೆ ಕಾಣಿಸಿಕೊಳ್ಳುವುದು, ಜಾಗವನ್ನು ಕೇಳಿ ಪಡೆಯುವುದು, ಹೋಗುವ ಮೊದಲು ಬಳಸುವವರ ಶ್ರಮ ಕಾಯುವುದು. ಇಷ್ಟನ್ನು ಪಾಲಿಸುವ ಪ್ರೋಗ್ರಾಮನ್ನು ಜನ ಭಯವಿಲ್ಲದೆ ಬಳಸುತ್ತಾರೆ, ಬಹುಕಾಲ ಬಳಸುತ್ತಾರೆ.